ಮಗ್ಗುಲು ತಿರುಗಿದ ಕಲ್ಲು

ಸಾಬಮ್ಮನ ಮನೆ ಮುಂದಿನ ಕಟ್ಟೆಯ ಕಲ್ಲನ್ನು ಯಂತ್ರ ಕೆಳಗಿನಿಂದ ಮೇಲಕ್ಕೆ ಓದುತ್ತಿತ್ತು. ಕೂದಲಿಗಿಂತ ತೆಳುವಾದ ಬೆಳಕಿನ ಎಳೆಯೊಂದು ಕಲ್ಲಿನ ಅಂಚಿನ ಮೇಲೆ ಗೇಣುದ್ದ ಏರಬೇಕು. ಅದಕ್ಕೆ ಇಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ಯಾರಿಗೂ ಮಾಡಲು ಕೆಲಸವಿರಲಿಲ್ಲ. ಡಾ. ಇಂಚರ ಬೇವಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಹಿಂದಿನ ದಿನವಿಡೀ ಕಾರಿನಲ್ಲಿ ಕೂತು ಬಂದ ಸೊಂಟ ನೋಯುತ್ತಿತ್ತು. ಐವತ್ತೈದು ವರ್ಷದ ಸೊಂಟ.

ಯಂತ್ರಕ್ಕೆ ಕಡತದಲ್ಲಿ ಉದ್ದನೆಯ ಹೆಸರಿತ್ತು. ಪ್ರಯೋಗಾಲಯದಲ್ಲಿ ಎಲ್ಲರೂ ಅದನ್ನು ಮೂಗು ಎನ್ನುತ್ತಿದ್ದರು. ಕಡಲಿನ ನೀರಿನಲ್ಲಿ ಪ್ರಾಣವಾಯು ಇದ್ದಾಗ ಅಯೋಡಿನ್ನಿನ ಒಂದು ರೂಪ ತಳದಲ್ಲಿ ಕೂಡುವ ಸುಣ್ಣದ ಹರಳುಗಳೊಳಗೆ ಸೇರಿಕೊಳ್ಳುತ್ತದೆ. ಪ್ರಾಣವಾಯು ತೀರಿದಾಗ ಸೇರುವುದಿಲ್ಲ. ಕೆಸರು ಕಲ್ಲಾದರೂ ಆ ಲೆಕ್ಕ ಅಳಿಯುವುದಿಲ್ಲ. ಮೂಗು ಆ ಅಣುಗಳನ್ನು ಪದರಪದರವಾಗಿ ಎಣಿಸುತ್ತಿತ್ತು. ಒಂದು ಪದರ ಎಂದರೆ ಒಂದು ವರ್ಷ. ಐವತ್ತೈದು ಕೋಟಿ ವರ್ಷಗಳ ಹಿಂದೆ ಈ ಬಯಲು ಕಡಲಾಗಿದ್ದಾಗ, ಇಂಥ ವರ್ಷ ನೀರು ಉಸಿರಾಡಿತೇ ಇಲ್ಲವೇ ಎಂದು ಅದು ಹೇಳಬಲ್ಲದು.

ಹನ್ನೊಂದು ವರ್ಷಗಳ ಹಿಂದೆ ಇದೇ ಊರಿನ ಗಣಿಯಿಂದ ತರಿಸಿದ ಒಂದು ಬಂಡೆಯಿಂದ ಇಂಚರ ಹೆಸರು ಮಾಡಿದ್ದಳು. ಆ ಬಂಡೆಯ ಅಡಿಯಲ್ಲಿ ಉಸಿರಿಲ್ಲದ ಕಡಲು. ಅದರ ಮೇಲೆ ತೊಂಬತ್ತೊಂದು ವರ್ಷಗಳ ಒದ್ದಾಟ: ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಒದ್ದಾಟ ಮುಗಿದಲ್ಲಿ ಒಂದರ ಮೇಲೊಂದು ಹೆಣೆದುಕೊಂಡ ಹುಳುಗಳ ಹಾದಿ, ಭೂಮಿಯ ಮೊದಲ ಪ್ರಾಣಿಗಳಲ್ಲಿ ಕೆಲವು. ಅವಳು ಅದನ್ನು ಜೀವದ ಹಬ್ಬ ಎಂದು ಕರೆದಿದ್ದಳು. ಅದಕ್ಕೂ ಮೇಲೆ ನೆಮ್ಮದಿಯ ಕಡಲು, ಅಲ್ಲೊಂದು ಇಲ್ಲೊಂದು ಬಿಲ.

ಆಮೇಲೆ ಮೂಗನ್ನು ಕರಾವಳಿಯ ಈಗಿನ ಕೆಸರಿಗೂ ಹಿಡಿದರು. ಅಲ್ಲಿಯೂ, ಇಂದಿಗೆ ನಲವತ್ತಾರು ವರ್ಷಗಳ ಹಿಂದೆ ಶುರುವಾದ, ಅದೇ ಒದ್ದಾಟ ಕಂಡಿತು. ಕಡಲು ಸಾಯುತ್ತಿದೆ ಎಂದು ಕೆಲವರು ಹೇಳಿದರು. ಒಂಬತ್ತು ವರ್ಷಗಳ ಹಿಂದೆ ಮೀನುಗಾರಿಕೆ ನಿಂತಿತು; ನದಿಗಳಿಗೆ ಗೊಬ್ಬರದ ನೀರು, ಊರಿನ ಕೊಳೆ ಬಿಡುವುದಕ್ಕೂ ತಡೆ ಬಿತ್ತು. ಇಂಚರ ತನ್ನ ಬಂಡೆಯನ್ನು ತೋರಿಸಿದಳು. ಅದರಲ್ಲಿರುವುದು ಒಂದೇ ಒದ್ದಾಟ, ಅದರ ನಂತರ ಬಂದದ್ದು ಜೀವ. ಆದ್ದರಿಂದ ಒದ್ದಾಟವೆಂದರೆ ಕಡಲು ಚೇತರಿಸಿಕೊಳ್ಳುವ ಲಕ್ಷಣ ಎಂದಳು. ಎಲ್ಲರಿಗೂ ಆ ಮಾತು ಬೇಕಾಗಿತ್ತು. ಇಂದು, ೨೦೭೧ರ ಮಾರ್ಚ್ ತಿಂಗಳ ಈ ಶುಕ್ರವಾರ, ಸಂಜೆ ಐದಕ್ಕೆ ಎರಡೂ ತಡೆ ತೆರವಾಗಲಿದ್ದವು. ಒಪ್ಪಿಗೆಗೆ ಅವಳ ಹೆಬ್ಬೆಟ್ಟು ಮಾತ್ರ ಬಾಕಿ. ಬಂಡೆ ಹುಟ್ಟಿದ ಊರಿನಲ್ಲಿ ಯಂತ್ರ ಕಲ್ಲು ಓದುವ ಒಂದು ಚಿತ್ರ ಬೇಕೆಂದು ಇಲಾಖೆಯೇ ಅವಳನ್ನು ಇಲ್ಲಿಗೆ ಅಟ್ಟಿತ್ತು.

"ಏನಂತದರೀ ನಿಮ್ಮ ಮೂಗು?" ಸಾಬಮ್ಮ ಚಹಾ ತಂದಳು. ಅರವತ್ತೆಂಟರ ಹೆಂಗಸು, ಗಣಿಯಲ್ಲಿ ಕಲ್ಲು ಸೀಳಿ ಸೀಳಿ ಬೆರಳುಗಳು ಸೊಟ್ಟಗಾಗಿದ್ದವು.

"ಹನ್ನೊಂದು ವರ್ಷದಿಂದ ಹೇಳಿದ್ದನ್ನೇ ಹೇಳ್ತಿದೆ."

"ನನ್ನ ಗಂಡನೂ ಹಂಗೇ ಇದ್ದ ಬಿಡ್ರಿ."

ಯಂತ್ರದ ಪಕ್ಕದಲ್ಲಿ ಕೂತಿದ್ದ ಪ್ರಣೀತ್ ಹರಿಕಂತ್ರ ನಕ್ಕ. ಅವನು ಇಂಚರಳ ಎಂಜಿನಿಯರ್, ಕರಾವಳಿಯ ತದಡಿಯವನು. ಬೆಳಗಿನಿಂದ ಅವನ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಊರಿನಲ್ಲಿ ದೋಣಿಗಳನ್ನು ತೊಳೆಯುತ್ತಿದ್ದರು.

"ನೋಡಿ ಅಮ್ಮಾ, ನಮ್ಮನೆ ದೋಣಿ," ಎಂದು ಸಾಬಮ್ಮನಿಗೆ ಚಿತ್ರ ತೋರಿಸಿದ. "ಒಂಬತ್ತು ವರ್ಷ ದಂಡೆ ಮೇಲೆ ಒಣಗಿದೆ. ಅಪ್ಪ ನಿನ್ನೆ ಬಣ್ಣ ಹೊಡೆದ್ರು. ಅಜ್ಜ ತಗೊಂಡ ವರ್ಷ ಮೂತಿ ಮೇಲೆ ಬರೆದಿದೆ, ಓದಿ."

"ಎರಡು ಸಾವಿರದ ಇಪ್ಪತ್ತೈದು," ಸಾಬಮ್ಮ ಓದಿದಳು. "ನನ್ನ ಲಗ್ನ ಆದ ವರ್ಷ. ಎರಡೂ ಇನ್ನೂ ಮುಳುಗಿಲ್ಲ ನೋಡು."

ಯಂತ್ರ ಸಣ್ಣಗೆ ಸದ್ದು ಮಾಡಿ ನಿಂತಿತು. ಪರದೆಯ ಮೇಲೆ ಅದೇ ನೀಲಿ ಗೆರೆ: ಕೆಳಗೆ ಚಪ್ಪಟೆ, ನಡುವೆ ನಡುಕ, ಮೇಲೆ ಎತ್ತರ. ಸಾಬಮ್ಮ ಬಗ್ಗಿ ನೋಡಿದಳು.

"ತಳದಾಗಿಂದು ಹಳೇದು, ಮ್ಯಾಲಿಂದು ಹೊಸಾದು ಅಂತೀರೇನ್ರಿ?"

"ಹೌದು. ಕೆಸರು ಕೂರೋದೇ ಹಾಗಲ್ವಾ, ಮೊದಲು ಬಂದದ್ದು ತಳಕ್ಕೆ."

"ಅದು ಖರೆ. ಆದ್ರ ಈ ಕಲ್ಲು ಬೋರಲ ಅದಲ್ರಿ."

ಇಂಚರ ಲೋಟವನ್ನು ಕೆಳಗಿಟ್ಟಳು. "ಬೋರಲು ಅಂದ್ರೆ?"

"ನೆಲದಾಗಿಂದ ಎಬ್ಬಿಸಿದ ಕೂಡ್ಲೆ ಹೊಳ್ಳಿ ಹಾಕ್ತೀವ್ರಿ. ತಳದ ಮಗ್ಗಲು ಹಸಿ ಇರ್ತದ. ಹಂಗೇ ಬಿಟ್ರ ಮ್ಯಾಲ ಬಿಸಿಲಿಗಿ ಒಣಗಿ, ತಳಾ ಹಸಿ ಉಳದು, ಕಲ್ಲು ಸೀಳ್ತದ. ಹಸಿ ಮಗ್ಗಲು ಆಕಾಶಕ್ಕ ಮಾಡಬೇಕು. ನಮ್ಮಪ್ಪನೂ ಹಂಗೇ ಮಾಡ್ತಿದ್ದ."

"ನನಗೆ ಕಳಿಸಿದ ಬಂಡೆ? ಮೇಲಿನ ಮಗ್ಗುಲಿಗೆ ಕೆಂಪು ಬಣ್ಣ ಹಚ್ಚಿ ಅಂತ ಹೇಳಿದ್ದೆ."

"ಹಚ್ಚೀನಲ್ರಿ, ಈ ಕೈಲೇ ಹಚ್ಚೀನಿ. ಮರುದಿನ ಮುಂಜಾನಿ, ಹಸಿ ಆರಿದ ಮ್ಯಾಲ. ಹಸಿ ಕಲ್ಲಿಗಿ ಬಣ್ಣ ಹಿಡೀತದೇನ್ರಿ?"

ಬಂಡೆ ಎಬ್ಬಿಸಿದ ದಿನ ಇಂಚರ ಕಲಬುರಗಿಯ ಹೋಟೆಲಿನಲ್ಲಿ ಜ್ವರ ಬಂದು ಮಲಗಿದ್ದಳು. ಅವಳು ಬರುವ ಹೊತ್ತಿಗೆ ಬಂಡೆ ಲಾರಿಯ ಮೇಲಿತ್ತು. ಗಣಿಯಲ್ಲಿ ಅದೇ ವಾರ ನೀರು ಎದ್ದು, ಬಂಡೆ ಕಡಿದ ಗೋಡೆ ಮುಳುಗಿತ್ತು. ಕೆಂಪು ಬಣ್ಣವನ್ನು ಅವಳು ನಂಬಿದ್ದಳು.

"ಗಣಿಯಲ್ಲಿ ಈಗ ಎಷ್ಟು ನೀರಿದೆ?"

"ಈ ಸಲ ತಳಾ ಕಂಡದ. ಬರ್ರಿ ತೋರಸ್ತೀನಿ."

ಮಧ್ಯಾಹ್ನದ ಬಿಸಿಲಿನಲ್ಲಿ ಮೂವರೂ ಗಣಿಗೆ ಇಳಿದರು. ಯಂತ್ರವನ್ನು ಪ್ರಣೀತ್ ಹೆಗಲ ಮೇಲೆ ಹೊತ್ತಿದ್ದ. ಸಾಬಮ್ಮ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ ಒಂದು ಕಡೆ ನಿಂತಳು. ಆ ಬಂಡೆಯನ್ನು ಎಬ್ಬಿಸಿದ ಸಾಲು ಅದೇ ಎಂದಳು. ಗೋಡೆಯನ್ನು ಯಾರೂ ಹೊಳ್ಳಿಸಿ ಹಾಕಿರಲಿಲ್ಲ. ಬೆಳಕಿನ ಎಳೆ ಮತ್ತೆ ಏರತೊಡಗಿತು. ಇಂಚರ ನೋಡುತ್ತ ನಿಲ್ಲಲಿಲ್ಲ. ಒಂದು ಕಲ್ಲಿನ ಮೇಲೆ ಕೂತು ಚಪ್ಪಲಿಯೊಳಗಿನ ಹರಳು ತೆಗೆದಳು. ಉತ್ತರ ಅವಳಿಗೆ ಕಟ್ಟೆಯ ಬಳಿಯೇ ಸಿಕ್ಕಿತ್ತು.

ಪರದೆಯ ಮೇಲೆ ಗೆರೆ ಈ ಸಲ ತಿರುವುಮುರುವಾಗಿ ಬಂತು. ಮೊದಲು ನೆಮ್ಮದಿ. ಆಮೇಲೆ, ಗೋಡೆಯಲ್ಲೇ ಕಾಣುವ ಹುಳುಗಳ ದಟ್ಟಣೆ, ಅಲ್ಲಿಂದ ನಡುಕ, ತೊಂಬತ್ತೊಂದು ವರ್ಷ. ಅದರ ಮೇಲೆ ಚಪ್ಪಟೆ ಗೆರೆ, ಗೋಡೆ ಮುಗಿಯುವವರೆಗೂ.

"ಒಂದು ಕಲ್ಲು ಮಗ್ಗುಲು ತಿರುಗಿದ್ದಕ್ಕೆ ನಮ್ಮೂರಿಗೆ ಊರೇ ಇನ್ನೂ ಕಾಯಬೇಕಾ ಮೇಡಂ?" ಪ್ರಣೀತನ ದನಿ ಏರಲಿಲ್ಲ. "ಇದು ನಮ್ಮ ಮೂವರಿಗೆ ಮಾತ್ರ ಗೊತ್ತು."

"ಗೋಡೆಗೂ ಗೊತ್ತು," ಇಂಚರ ಎಂದಳು. "ನಲವತ್ತಾರು ವರ್ಷ ಕಳೆದಿವೆ, ಪ್ರಣೀತ್. ಈ ಗೋಡೆಯ ಲೆಕ್ಕದಲ್ಲಿ ಕಡಲು ಸಾಯಲು ಉಳಿದದ್ದು ನಲವತ್ತೈದು. ಕೊಳೆ ನೀರನ್ನೂ ಮತ್ತೆ ಹರಿಯಬಿಟ್ಟರೆ ಅಷ್ಟೂ ಇಲ್ಲ."

ಫೋನ್ ಬಂತು. ಇಲಾಖೆಯ ಕಾರ್ಯದರ್ಶಿ.

"ಮೇಡಂ, ಚಿತ್ರ ಆಯ್ತಾ? ನಿಮ್ಮ ಹೆಬ್ಬೆಟ್ಟು ಒಂದು ಬಾಕಿ."

"ಕೊಡೋಕಾಗಲ್ಲ ಸರ್. ಬಂಡೆ ತಲೆಕೆಳಗಾಗಿತ್ತು."

"ಯಾವ ಬಂಡೆ?"

"ಎಲ್ಲಾ ಪುಸ್ತಕದಲ್ಲೂ ಇರೋದು."

ಆ ಕಡೆ ಯಾರೋ ಬಾಗಿಲು ಮುಚ್ಚಿದ ಸದ್ದಾಯಿತು. "ಐದಕ್ಕೆ ಮಂತ್ರಿಗಳು ಮಾತಾಡ್ತಾರೆ. ಇದನ್ನ ಸೋಮವಾರ ಹೇಳಬಹುದಲ್ವಾ?"

"ಹನ್ನೊಂದು ವರ್ಷ ತಡ ಆಗಿದೆ ಸರ್," ಎಂದು ಅವಳು ಫೋನ್ ಇಟ್ಟಳು. ಪೆಟ್ಟಿಗೆಯಿಂದ ಕೆಂಪು ಬಣ್ಣದ ಪೆನ್ನು ತೆಗೆದು ಗೋಡೆಯ ಮೇಲೆ, ಆಕಾಶದ ಕಡೆಗೆ, ಒಂದು ಬಾಣ ಬರೆದಳು. ಈ ಸಲ ತಾನೇ ಬರೆದಳು.

ಪ್ರಣೀತ್ ಪರದೆಯನ್ನು ಬಿಟ್ಟು ಏಳಲಿಲ್ಲ. ತುಂಬಾ ಹೊತ್ತಿನ ಮೇಲೆ ಕೇಳಿದ: "ಉಸಿರು ಕೆಡೋಕೆ ಶುರುವಾದ ವರ್ಷವೇ ಹುಳುಗಳು ಹೆಚ್ಚಾಗಿವೆ. ಅದು ಹೇಗೆ?"

"ಹೆಚ್ಚಾಗಿಲ್ಲ. ಆಳದಲ್ಲಿ ಉಸಿರು ಸಾಲದೆ ಎಲ್ಲ ಮೇಲಕ್ಕೆ ಬಂದು ಒಂದೇ ಕಡೆ ಸೇರಿವೆ. ನಾನು ಹಬ್ಬ ಅಂದಿದ್ದು ಅದನ್ನೇ."

ಅವನು ಫೋನ್ ತೆಗೆದು ದೋಣಿಯ ಚಿತ್ರವನ್ನು ನೋಡಿದ. ಹೊಸ ಬಣ್ಣದಲ್ಲಿ ವರ್ಷ ಹೊಳೆಯುತ್ತಿತ್ತು, ನಲವತ್ತಾರು ವರ್ಷಗಳ ಹಿಂದಿನದು.

"ಅಜ್ಜ ಇದನ್ನ ತಗೊಂಡ ವರ್ಷ ದೂರ ಹೋಗೋದೇ ಬೇಕಾಗಿರಲಿಲ್ಲವಂತೆ," ಎಂದ. "ದಂಡೆ ಹತ್ರಾನೇ, ನೀರಿನ ಮೇಲ್ಮೇಲೇ ಮೀನು. ಬಲೆ ಎಳೆಯೋಕಾಗದಷ್ಟು."

ಸಾಬಮ್ಮ ಗೋಡೆಗೆ ಕೈಯಿಟ್ಟು ನಿಂತಿದ್ದಳು. "ಹಂಗಾರ ಆ ವರ್ಷ ಯಾರಿಗೂ ತಿಳೀಲಿಲ್ಲೇನಪ್ಪಾ?"

"ಮೀನು ಅಗ್ಗ ಇತ್ತು ಅಮ್ಮಾ," ಪ್ರಣೀತ್ ಹೇಳಿದ. "ಎಲ್ಲರೂ ಹೊಟ್ಟೆ ತುಂಬ ಉಂಡ್ರು."