ಬೆರಳು ತೆಗೆದ ಸೋಮವಾರ

"ನಿಂತಾಗ ನಡಗತೈತ್ರಿ ಮೇಡಂ. ಓಡಿದ್ರ ಆರಾಮ."

ಸೋಮವಾರ ಬೆಳಿಗ್ಗೆ ವೀರಬಸಪ್ಪ ತನ್ನ ಪೆಟ್ರೋಲ್ ಮಿನಿ ಟ್ರಕ್ಕನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿ, ಅದು ಹೇಗೆ ನಡುಗುತ್ತದೆಂದು ಭುಜ ಅಲುಗಿಸಿ ತೋರಿಸಿದ. ಗಾಡಿ ಎದುರಿಗೇ ನಡುಗುತ್ತಿತ್ತು, ತೋರಿಸುವ ಅಗತ್ಯವೇ ಇರಲಿಲ್ಲ. ಆದರೂ ನಾನು ನೋಡಿದೆ. ಎರಡು ವರ್ಷದಿಂದ ನನಗೆ ಅದೇ ಕೆಲಸ.

ಬೆಂಗಳೂರಿನ ಅಬ್ಬಿಗೆರೆಯ ಹಬೀಬುಲ್ಲಾ ಚಾಚಾನ ಗ್ಯಾರೇಜಿನಲ್ಲಿ ಗಾಡಿಗಳ ರೋಗ ಕಂಡುಹಿಡಿಯುವವಳು ನಾನು, ಸುಮಾ. ಹೊಸಬರು ಬಂದರೆ ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, "ಮೆಕ್ಯಾನಿಕ್ ಇಲ್ವಾ?" ಎಂದು ಕೇಳುತ್ತಾರೆ. ಅಂಥವರನ್ನು ಅರ್ಧ ಗಂಟೆ ಹೆಚ್ಚಿಗೆ ಕಾಯಿಸುವುದು ನನ್ನ ಪದ್ಧತಿ. ಗದಗದ ವೀರಬಸಪ್ಪ ಮಾತ್ರ ಮೊದಲ ದಿನವೇ ಏನೂ ಕೇಳದೆ ಕೀಲಿಯನ್ನು ನನ್ನ ಕೈಗೆ ಕೊಟ್ಟಿದ್ದ. ಅವನು ಯಶವಂತಪುರ ಯಾರ್ಡಿನಿಂದ ಸೋಲದೇವನಹಳ್ಳಿಯ ಕಾಲೇಜು ಹಾಸ್ಟೆಲುಗಳಿಗೆ ತರಕಾರಿ ಸಾಗಿಸುತ್ತಾನೆ. ಸರ್ವೀಸಿಗೆ ಮೂರು ತಿಂಗಳಿಗೊಮ್ಮೆ ಬಂದರೆ ಸಾಕಾಗಿತ್ತು. ತಿಂಗಳಿಗೆ ಎರಡು ಸಲ ಬರುತ್ತಿದ್ದ. ನಾನೂ ಬೇಡ ಅನ್ನಲಿಲ್ಲ.

"ಲಗೂನ ಮಾಡಿಕೊಡ್ರಿ. ಊರಾಗ ಡೇರಿಗೆ ಹಾಲು ಸಾಗಿಸೂ ಕೆಲಸ ಸಿಕ್ಕೈತಿ. ಗಾಡಿ ಸರಿ ಆದ್ರ ಶುಕ್ರವಾರ ಗದಗಕ್ಕ ಹೊಂಟೆ."

"ಎಷ್ಟು ದಿನಕ್ಕೆ?"

"ಇನ್ನ ಅಲ್ಲೇ ರೀ."

ಸ್ಕ್ಯಾನರ್ ಚುಚ್ಚುವ ನೆಪದಲ್ಲಿ ನಾನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿಬಿಟ್ಟೆ. ಮುಖ ಅಲ್ಲಿದ್ದರೇ ಕ್ಷೇಮ.

ಪರದೆ ವಿಷಯ ಹೇಳಿತು. ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ನಾವು ಇದಕ್ಕೆ ಲೀನ್ ಅನ್ನುತ್ತೇವೆ. ಗಾಡಿ ನಿಂತಾಗ ಕಂಪ್ಯೂಟರು ಇಪ್ಪತ್ತೈದು ಪರ್ಸೆಂಟ್ ಹೆಚ್ಚಿಗೆ ಪೆಟ್ರೋಲ್ ಕೊಟ್ಟರೂ ಸಾಲುತ್ತಿರಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಎಲ್ಲ ಸರಿಹೋಗುತ್ತಿತ್ತು. ಅಂದರೆ ಎಲ್ಲೋ ಕಳ್ಳಗಾಳಿ ಒಳಗೆ ನುಗ್ಗುತ್ತಿದೆ.

ಅವನು ಟೀ ತರಲು ಹೋದ. ನಾನು ಎಂಜಿನ್ನಿನ ಮೇಲಿನ ಸೀಟು ಎತ್ತಿ, ಪೆಟ್ರೋಲ್ ಎಲ್ಲೂ ಸೋರಿಲ್ಲವೆಂದು ನೋಡಿಕೊಂಡು, ಚಾಚಾ ಕಲಿಸಿದಂತೆ ಊದುಬತ್ತಿ ಹಚ್ಚಿ ಒಂದೊಂದೇ ಪೈಪಿನ ಹತ್ತಿರ ಹಿಡಿಯುತ್ತ ಹೋದೆ. ಬ್ರೇಕಿನ ಕಡೆ ಹೋಗುವ ರಬ್ಬರ್ ಪೈಪಿನ ತಿರುವಿನಲ್ಲಿ ಹೊಗೆ ಸರ್ರನೆ ಒಳಗೆ ನುಗ್ಗಿತು. ಉಗುರಿನಷ್ಟು ಬಿರುಕು. ಬೆರಳಿಟ್ಟು ಮುಚ್ಚಿದೆ. ಎಂಜಿನ್ ತಕ್ಷಣ ಸಮಾಧಾನವಾಯಿತು.

ಎರಡು ಲೋಟ ಹಿಡಿದು ಅವನು ರಸ್ತೆ ದಾಟುತ್ತಿದ್ದ. ಬಿಸಿ ತಾಗದಂತೆ ಲೋಟದ ಅಂಚನ್ನು ತುದಿಬೆರಳಲ್ಲಿ ಹಿಡಿದಿದ್ದ. ಕಣ್ಣು ಮಾತ್ರ ಲೋಟದ ಮೇಲಿರಲಿಲ್ಲ, ನನ್ನ ಮೇಲಿತ್ತು.

"ಸಿಕ್ತೇನ್ರಿ?"

ಬೆರಳು ತೆಗೆದೆ. ಗಾಡಿ ಮತ್ತೆ ನಡುಗತೊಡಗಿತು.

"ಇಲ್ಲ. ಇನ್ನೂ ನೋಡ್ಬೇಕು. ಈಗ ತಗೊಂಡ್ಹೋಗಿ, ನಾಳೆ ಬನ್ನಿ."

ಬ್ರೇಕ್ ತುಳಿದು ನೋಡಿದ್ದೆ, ಹಿಡಿಯುತ್ತಿತ್ತು. ಸಣ್ಣ ಬಿರುಕು, ನಾಲ್ಕು ದಿನದಲ್ಲಿ ಏನಾಗಿಬಿಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆ ಯಾವ ಮೆಕ್ಯಾನಿಕ್ಕಾದರೂ ಹಾಗೆ ಹೇಳಿದ್ದರೆ ಪಾನಾ ಎತ್ತಿಕೊಂಡು ಹೊಡೆಯಲು ಹೋಗುತ್ತಿದ್ದೆ.

ಮಂಗಳವಾರ, ಚೆನ್ನಾಗಿಯೇ ಇದ್ದ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಒರೆಸಿ, ಮತ್ತೆ ಹಾಕಿದೆ. ಅವನು ಹಳೆಯ ಟೈರಿನ ಮೇಲೆ ಕೂತು ಬುತ್ತಿ ಬಿಚ್ಚಿದ. ಊರಿನಿಂದ ಅವನ ತಾಯಿ ಕಾಶವ್ವ ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ನನ್ನ ಕೈಯೆಲ್ಲ ಗ್ರೀಸು. ಅವನು ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಕಾಗದದಲ್ಲಿ ಸುತ್ತಿ ನನ್ನ ಮುಂದೆ ಹಿಡಿದ.

"ಕಾಗದ ತಿನಬ್ಯಾಡ್ರಿ ಮತ್ತ."

"ನಿಮ್ಮ ರೊಟ್ಟಿಗಿಂತ ಕಾಗದಾನೇ ಮೆತ್ತಗಿದೆ ಕಣ್ರೀ."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಮುಚ್ಚುತ್ತದೆ. ಶುಕ್ರವಾರದ ನಂತರ ಇದನ್ನು ಯಾರು ನೋಡುತ್ತಾರೆ? ನೋಡಿದವರಿಗೆ ತಾವೇನು ನೋಡಿದೆವೆಂದಾದರೂ ಗೊತ್ತಾಗುತ್ತದೆಯೇ? ಗದಗದವರ ಮೇಲೆಲ್ಲ ನನಗೆ ಹೊಟ್ಟೆಕಿಚ್ಚಾಯಿತು.

ಬುಧವಾರವೂ ಏನೋ ಒಂದು ಒರೆಸಿ ಕಳಿಸಿದೆ. ಅವನು ಹೋದ ಮೇಲೆ ಚಾಚಾ ಕುರ್ಚಿಯಿಂದಲೇ ಕರೆದರು. ಅವರ ಕಣ್ಣು ಮಂಜಾಗಿ ವರ್ಷಗಳಾದವು. ಕಿವಿ ಮಾತ್ರ ಇನ್ನೂ ಚುರುಕು.

"ಸುಮಾ, ಆ ಗಾಡೀದು ಪೈಪ್ ಹೋಗಿದೆ. ಆವಾಜ್‌ನಲ್ಲೇ ನಂಗೆ ಗೊತ್ತಾಯ್ತು. ನಿಂಗೆ ಗೊತ್ತಾಗಿಲ್ಲ ಅಂದ್ರೆ ನಾನು ನಂಬಬೇಕಾ ಬೇಟಾ?"

ನಾನು ಒರೆಸಿದ ಪಾನಾವನ್ನೇ ಮತ್ತೆ ಒರೆಸತೊಡಗಿದೆ.

"ಅವನು ಹೋಗ್ತಾನೆ ಅಂತ ನಂಗೂ ಬೇಜಾರೇ. ಆದ್ರೆ ಅದು ಬ್ರೇಕಿಗೆ ಹೋಗೋ ಪೈಪ್. ಪೂರ್ತಿ ಹರಿದ್ರೆ ಬ್ರೇಕ್ ಗಟ್ಟಿಯಾಗಿ ತುಳಿಯೋಕೇ ಆಗಲ್ಲ."

ನಾಳೆ ಅವನು ಬಂದ ಕೂಡಲೇ ಹಾಕಿಬಿಡುತ್ತೇನೆಂದು ಹೊಸ ಪೈಪು ತಂದಿಟ್ಟುಕೊಂಡೆ. ಗುರುವಾರ ಒಂಬತ್ತಾಯಿತು, ಹತ್ತಾಯಿತು. ಅವನು ಬರಲಿಲ್ಲ. ಫೋನ್ ರಿಂಗಾಗುತ್ತಿತ್ತು, ಎತ್ತಲಿಲ್ಲ. ಪೈಪು ಬ್ಯಾಗಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದವಳಿಗೆ ಚಿಕ್ಕಬಾಣಾವರ ದಾಟಿದ್ದೂ ಗೊತ್ತಾಗಲಿಲ್ಲ. ದಾರಿಯಲ್ಲಿ ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಸೋಲದೇವನಹಳ್ಳಿ ತಿರುವಿನಲ್ಲಿ ಗಾಡಿ ಕಾಣಿಸಿತು. ಅದರ ಮೂತಿ ಎಂ-ಸ್ಯಾಂಡ್ ಮರಳಿನ ರಾಶಿಯೊಳಗೆ ಹೂತಿತ್ತು. ರಸ್ತೆ ತುಂಬ ಟೊಮೆಟೊ ಚೆಲ್ಲಾಡಿತ್ತು. ವೀರಬಸಪ್ಪ ಒಂದೊಂದನ್ನೇ ಆರಿಸಿ ಕ್ರೇಟಿಗೆ ಹಾಕುತ್ತಿದ್ದ. ಮೈಮೇಲೆ ಎಲ್ಲೂ ಗಾಯವಿರಲಿಲ್ಲ. ಸ್ಕೂಟರನ್ನು ರಸ್ತೆಯಂಚಿಗೆ ಬಿಟ್ಟು ಅವನ ಹತ್ತಿರ ಓಡಿದೆ.

"ಬ್ರೇಕ್ ಕಲ್ಲಾಗಿತ್ರಿ. ಎರಡೂ ಕಾಲ್ಲೆ ತುಳಿದೆ. ಮುಂದ ಸಾಲಿ ಹುಡುಗೂರು ದಾಟತಿದ್ರು. ಉಸುಕಿನ ಕಡೆ ತಿರುವಿಬಿಟ್ಟೆ."

ನಾನು ಸೀಟು ಎತ್ತಿ ಹೊಸ ಪೈಪು ಹಾಕಿದೆ. ಕ್ಲಿಪ್ಪು ಬಿಗಿದೆ. ಸ್ಟಾರ್ಟ್ ಮಾಡಿದರೆ ಗಾಡಿ ಒಂದು ಚೂರೂ ನಡುಗಲಿಲ್ಲ.

"ಅಂತೂ ಇವತ್ತು ಸಿಕ್ತಲ್ರಿ."

"ಇವತ್ತಲ್ಲ. ಸೋಮವಾರನೇ ಸಿಕ್ಕಿತ್ತು."

ಅವನು ಕೈಯಲ್ಲಿದ್ದ ಟೊಮೆಟೊ ಕ್ರೇಟಿಗೆ ಹಾಕಿ ನನ್ನ ಕಡೆ ತಿರುಗಿದ.

"ಸರಿ ಮಾಡಿಕೊಟ್ರೆ ಹೊರಟ್ಹೋಗ್ತೀರ ಅಂತ ಹೇಳ್ಲಿಲ್ಲ. ನೀವಂದ್ರೆ ನಂಗಿಷ್ಟ. ಎರಡು ವರ್ಷದಿಂದ. ಕ್ಷಮಿಸಿ ಅಂತ ಕೇಳ್ತಿಲ್ಲ. ನಡೆದದ್ದು ಹೇಳ್ತಿದೀನಿ ಅಷ್ಟೇ."

"ಹುಡುಗೂರು ದಾಟತಿದ್ರು ರೀ," ಎಂದು ಅವನು ಮತ್ತೊಮ್ಮೆ ಅಂದ, ಮೆಲ್ಲಗೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆಲುದನಿ ತಡೆಯಲಾಗಲಿಲ್ಲ. ಅತ್ತುಕೊಂಡೇ ನಾನೂ ಟೊಮೆಟೊ ಆರಿಸತೊಡಗಿದೆ. ಅವನು ಬೇಡ ಅನ್ನಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಕ್ರೇಟುಗಳು ತುಂಬುವ ತನಕ ಇಬ್ಬರೂ ಹಾಗೇ ಕೆಲಸ ಮಾಡಿದೆವು.

"ಬಾಯಿಬಿಟ್ಟು ಒಂದ ಮಾತು ಹೇಳಬೇಕಿತ್ತಲ್ರಿ."

"ಹೇಳಿದ್ರೆ ಉಳೀತಿದ್ರಾ?"

"ಇಲ್ಲ. ಹೋಗತಿದ್ದೆ." ಅವನು ಕೈಗೆ ಅಂಟಿದ ಮರಳನ್ನು ಒರೆಸಿಕೊಂಡ. "ಆದ್ರ ಮೊದಲ ಅವ್ವನ್ನ ಕರಕೊಂಡು ನಿಮ್ಮನಿಗೆ ಬರತಿದ್ದೆ."

ಎರಡು ವರ್ಷ ಈ ಮಾತಿಗೇ ಕಾದಿದ್ದೆ. ಬಂದದ್ದು ಇಂಥ ದಿನ.

"ಈಗ?"

"ಈಗ ಸಿಟ್ಟು ಬಂದೈತ್ರಿ. ಭಾಳ. ಇಳೀಲಿ, ಫೋನ್ ಮಾಡ್ತೀನಿ. ಅವತ್ತ ಏನ್ ಕೇಳಿದ್ರೂ ಖರೇ ಹೇಳ್ರಿ."

ಶುಕ್ರವಾರ ಅವನು ಹೋದ. ಗ್ಯಾರೇಜಿನ ಮುಂದೆ ಹಾದುಹೋಗುವ ಪ್ರತಿಯೊಂದು ಮಿನಿ ಟ್ರಕ್ಕಿಗೂ ನಾನು ತಲೆ ಎತ್ತುವುದು ತಪ್ಪಲಿಲ್ಲ. ಫೋನನ್ನು ಜೇಬಿನಲ್ಲಿಟ್ಟರೆ ಕೇಳಿಸದೇ ಹೋದೀತೆಂದು ಹೊರಗೆ ಇಡುತ್ತಿದ್ದೆ, ಹೊರಗಿಟ್ಟರೆ ಅದನ್ನೇ ನೋಡುವ ಕಾಟ ತಡೆಯದೆ ಒಳಗೆ ಹಾಕುತ್ತಿದ್ದೆ. ಚಾಚಾ ಗೊತ್ತಿದ್ದೂ ಗೊತ್ತಿಲ್ಲದವರಂತಿದ್ದರು. ಅವನ ಸಿಟ್ಟು ನ್ಯಾಯವೆಂದು ಗೊತ್ತಿತ್ತು. ಗೊತ್ತಿದ್ದರೆ ನೆನಪು ಕಡಿಮೆಯಾಗುತ್ತದೆಯೇ? ಅವನ ಧ್ವನಿ ಬೇಕಿತ್ತು, ಬೈಯುವುದಕ್ಕಾದರೂ ಸರಿ.

ಹನ್ನೊಂದನೆಯ ದಿನ ಮಧ್ಯಾಹ್ನ, ಯಾರದೋ ಗಾಡಿಯ ಕೆಳಗೆ ಮಲಗಿದ್ದಾಗ ಫೋನ್ ಬಂತು.

"ಗಾಡಿ ಹೆಂಗಿದೆ?" ಬಾಯಿಗೆ ಬಂದದ್ದು ಅದೊಂದೇ.

"ಆರಾಮ ಐತಿ. ನೀವು ಹೆಂಗದೀರಿ?"

ಚೆನ್ನಾಗಿದೀನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಚೆನ್ನಾಗಿಲ್ಲ."

ಆ ಕಡೆಯಿಂದ, "ಅವ್ವಾ, ರವಿವಾರ ಬೆಂಗಳೂರಿಗೆ ಹೋಗೂಣು," ಎಂದು ಅವನು ಒಳಗೆ ಕೂಗಿ ಹೇಳಿದ್ದು ಕೇಳಿಸಿತು.