ಮೂರನೆಯ ತುಣುಕು

ಆ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಗುಬ್ಬಿಗೆ ಒಂದು ವಿಷಯ ಖಾತ್ರಿಯಾಗಿತ್ತು. ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುವವನಿಗೆ, ಅಂಗಡಿಯಲ್ಲಿ ದಿನವಿಡೀ ಹಾಕುತ್ತಿದ್ದ ಸಂಗೀತದ ಆಲ್ಬಮ್ಮಿನ ಮೂರನೆಯ ತುಣುಕು ಕಂಡರಾಗದು. ಅದು ಶುರುವಾಯಿತೋ ಇಲ್ಲವೋ, ಅವನು ಮಷೀನನ್ನು ಟಪ್ಪನೆ ನಿಲ್ಲಿಸಿ, ಕೈ ಒರೆಸಿಕೊಂಡು, ಹಿಂಬಾಗಿಲಿಗೆ ಹೋಗಿ ಆಚೆ ನೋಡುತ್ತ ನಿಂತುಬಿಡುತ್ತಿದ್ದ. ತುಣುಕು ಮುಗಿದ ಮೇಲೆಯೇ ಮಷೀನು ಮತ್ತೆ ಗರ್ರೆನ್ನುತ್ತಿದ್ದುದು.

ಗುಬ್ಬಿ ಅಂದರೆ ಕೌಂಟರಿನಲ್ಲಿ ಕೂರುವ ಹುಡುಗಿ. ಗಿರಾಕಿಗಳ ಜೊತೆ ಬೆಳಗಿನಿಂದ ಸಂಜೆವರೆಗೆ ಚಿಲಿಪಿಲಿ ಅನ್ನುತ್ತಾಳೆಂದು ಅಂಗಡಿಯ ಯಜಮಾನರು ಇಟ್ಟ ಹೆಸರು ಅದು.

ಆಲ್ಬಮ್ಮೂ ಯಜಮಾನರದೇ. ‘ಎಲ್ಲರ ಮೆಚ್ಚಿನ ಶಾಸ್ತ್ರೀಯ ಸಂಗೀತ’ ಎಂದು ಬಂಗಾರದ ಬಣ್ಣದಲ್ಲಿ ಬರೆದಿದ್ದ, ಎರಡು ಡಿಸ್ಕಿನ ಡಬ್ಬಿ. ಒಂದರ ಮೇಲೆ ಯಾರೋ ದಢೂತಿ ಗಿರಾಕಿ ಕೂತು ಅದರ ಕಥೆ ಮುಗಿದಿತ್ತು. ಇನ್ನೊಂದು, ಶಟರ್ ಎತ್ತಿದಾಗಿನಿಂದ ಇಳಿಸುವವರೆಗೆ ಸುತ್ತುತ್ತಲೇ ಇರುತ್ತಿತ್ತು.

“ದೊಡ್ಡ ದೊಡ್ಡವರ ಸಂಗೀತದಲ್ಲಿ ಜನಕ್ಕೆ ಇಷ್ಟವಾದ ಚೂರು ಮಾತ್ರ ಆರಿಸಿ ಹಾಕಿದ್ದಾರಮ್ಮ,” ಎನ್ನುತ್ತಿದ್ದರು ಯಜಮಾನರು. “ಪೂರ್ತಿ ಕೇಳೋಕೆ ಯಾರಿಗಿದೆ ಪುರುಸೊತ್ತು?”

ಗುಬ್ಬಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಡಬ್ಬಿಯ ಹಿಂದಿದ್ದ ಹೆಸರುಗಳಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಹಾಗಾಗಿ ತಾನೇ ಹೆಸರಿಟ್ಟುಕೊಂಡಿದ್ದಳು. ಮೊದಲನೆಯದು ‘ಹಾಲು ಉಕ್ಕೋದು’, ಎರಡನೆಯದು ‘ಕುದುರೆ ಓಟ’. ಮೂರನೆಯದು ಒಂಟಿ ಪಿಟೀಲು. ಅದಕ್ಕೆ ‘ಸಂಜೆ ಕಿಟಕಿ’ ಅಂದಿದ್ದಳು. ಅದು ಬಂದರೆ ಫ್ರೇಮು ಒರೆಸುವ ಅವಳ ಕೈ ಇದ್ದಲ್ಲೇ ನಿಲ್ಲುತ್ತಿತ್ತು. ಬಾಯಿಯೂ ನಿಲ್ಲುತ್ತಿತ್ತು, ಅದೇ ದೊಡ್ಡ ಸೋಜಿಗ. ತೀರಿಹೋದ ಅಮ್ಮ ಪಕ್ಕದಲ್ಲಿ ಬಂದು ಕೂತ ಹಾಗಾಗಿ ಕಣ್ಣು ಒದ್ದೆಯಾಗುತ್ತಿತ್ತು.

ಆದರೂ ಅವಳು ಸದ್ದು ತಗ್ಗಿಸಿಬಿಡುತ್ತಿದ್ದಳು. ಪಾಪ, ಒಳಗಿರುವವನಿಗೆ ಯಾಕೆ ಹಿಂಸೆ ಎಂದು. ತಗ್ಗಿಸಿದ ಮೇಲೆ ಫ್ಯಾನಿನ ಸದ್ದಿನ ನಡುವೆ ಪಿಟೀಲು ಸೊಳ್ಳೆಯ ಹಾಗೆ ಕೇಳುತ್ತಿತ್ತು. ತಗ್ಗಿಸುವ ಆ ಬೆರಳುಗಳಲ್ಲಿ ಎಷ್ಟು ಪ್ರೀತಿ ಇತ್ತೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಇಬ್ಬರ ನಡುವೆ ಇದ್ದದ್ದು ಗೋಡೆಯಲ್ಲಿನ ಒಂದು ಕಿಂಡಿ. ಫ್ರೇಮಿಟ್ಟ ಟ್ರೇ ಇವಳು ಒಳಗೆ ತಳ್ಳಬೇಕು, ಲೆನ್ಸ್ ಕೂರಿಸಿ ಅವನು ಹೊರಗೆ ತಳ್ಳಬೇಕು.

“ಪೌಡರ್ ಸಾಹೇಬ್ರೇ, ಇದು ಅರ್ಜೆಂಟು.”

“ನಿಮ್ಮದು ಯಾವುದು ಅರ್ಜೆಂಟ್ ಅಲ್ಲ?”

“ಮುಖ ಒರೆಸ್ಕೊಳ್ಳಿ ಮೊದಲು. ರೆಪ್ಪೆ ಮೇಲೂ ಬಿಳೀ ಧೂಳು.”

“ರೆಪ್ಪೆವರೆಗೂ ನೋಡ್ತೀರಿ ಅಂತ ಗೊತ್ತಿದ್ದಿದ್ರೆ ಒರೆಸ್ಕೊಂಡೇ ಇರ್ತಿದ್ದೆ.”

ಇಷ್ಟು ಹೇಳಿ ತಲೆ ತಗ್ಗಿಸಿದನೆಂದರೆ ಆಮೇಲೆ ದಿನಗಟ್ಟಲೆ ತುಟಿಪಿಟಕ್ ಎನ್ನುತ್ತಿರಲಿಲ್ಲ. ಗುಬ್ಬಿ ಆ ಒಂದು ಮಾತನ್ನೇ ಮನೆಗೆ ಹೊತ್ತುಕೊಂಡು ಹೋಗಿ ಮೆಲುಕು ಹಾಕುತ್ತಿದ್ದಳು.

ಹೀಗೇ ಕೆಲವು ವರ್ಷ ಕಳೆದವು. ಎದುರಿನ ರಸ್ತೆಯಲ್ಲಿ ಕಣ್ಣು ಕೋರೈಸುವಂಥ ಶೋರೂಮ್ ಬಂದ ಮೇಲೆ ಗಿರಾಕಿಗಳು ಅತ್ತ ತಿರುಗಿದರು. ಯಜಮಾನರು ಅಂಗಡಿ ಮುಚ್ಚುವುದೆಂದು ತೀರ್ಮಾನಿಸಿದರು. ಅದೇ ಹೊತ್ತಿಗೆ, ಗುಬ್ಬಿಯನ್ನು ಸಾಕಿದ ಚಿಕ್ಕಮ್ಮ ಒಂದು ಸಂಬಂಧ ತಂದಿದ್ದರು. ಹುಡುಗ ಒಳ್ಳೆಯವನು, ಕೆಲಸ ಗಟ್ಟಿ, ಉತ್ತರ ಬೇಗ ಬೇಕು. ಅಂಗಡಿಯ ಕೊನೆಯ ದಿನ ಬೆಳಿಗ್ಗೆ, ಶಟರ್ ಮುಂದೆ ನಿಂತೇ ಗುಬ್ಬಿ ಫೋನಿನಲ್ಲಿ “ಆಯ್ತು ಚಿಕ್ಕಮ್ಮ” ಅಂದುಬಿಟ್ಟಳು. ಯಾರಿಗೆ ಅಂತ ಕಾಯುವುದು? ತನಗೆ ಪ್ರಾಣವಾದ ಸಂಗೀತವನ್ನೇ ಸಹಿಸದವನು ತನ್ನನ್ನು ಸಹಿಸುತ್ತಾನೆಯೇ? ಹಾಗಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಸಮಾಧಾನವಂತೂ ಆಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಷೀನನ್ನು ಯಾರೋ ಕೊಂಡು ಸಾಗಿಸಿದರು. ಯಜಮಾನರೂ ಲಾರಿಯ ಜೊತೆ ಹೋದರು. ಬರಿದಾದ ಗಾಜಿನ ಶೆಲ್ಫುಗಳ ಮೇಲೆ ಕನ್ನಡಕಗಳಿದ್ದ ಗುರುತು ಮಾತ್ರ ಉಳಿದಿತ್ತು. ಹೊರಗೆ ಮೋಡ ಕವಿದು ಬೆಳಕು ಮಂಕಾಗಿತ್ತು. ಡಿಸ್ಕ್ ಮಾತ್ರ ತನ್ನ ಪಾಡಿಗೆ ಸುತ್ತುತ್ತಿತ್ತು. ಕುದುರೆ ಓಟ ಮುಗಿದು ಪಿಟೀಲು ಎದ್ದಿತು. ಗುಬ್ಬಿಯ ಕೈ ತಾನಾಗಿ ಹೋಗಿ ಸದ್ದು ತಗ್ಗಿಸಿತು.

“ಇವತ್ತಾದ್ರೂ ಸ್ವಲ್ಪ ಜೋರಾಗಿ ಇಡಿ.”

ಅವನು ಕೌಂಟರಿನ ಆಚೆ, ಗಿರಾಕಿಗಳು ನಿಲ್ಲುವ ಕಡೆ ಬಂದು ನಿಂತಿದ್ದ. ಕಿಂಡಿಯ ಚೌಕಟ್ಟಿಲ್ಲದೆ ಅವನನ್ನು ಅಷ್ಟು ಹತ್ತಿರದಿಂದ ಅವಳು ನೋಡಿದ್ದೇ ಕಡಿಮೆ. ರೆಪ್ಪೆಯ ಮೇಲೆ ಧೂಳಿರಲಿಲ್ಲ.

“ಏನಂದ್ರಿ?”

“ಇದೊಂದಕ್ಕೆ ಯಾವಾಗ್ಲೂ ತಗ್ಗಿಸ್ತೀರಿ. ನಾನು ಮಷೀನ್ ನಿಲ್ಸಿದ್ರೂ ತಗ್ಗಿಸ್ತೀರಿ.”

“ನಿಮಗೆ ಇದು ಆಗಲ್ಲ ಅಂತ ತಗ್ಗಿಸ್ತಿದ್ದೆ.”

“ನನಗೆ ಆಗಲ್ಲ ಅಂತ ಯಾರು ಹೇಳಿದ್ರು?”

“ಹಿಂಬಾಗಿಲಿಗೆ ಹೋಗಿ ನಿಂತ್ಕೋತಿದ್ರಲ್ಲ.”

ಅವನು ತನ್ನ ಅಂಗೈ ನೋಡಿಕೊಂಡ. “ಇದು ಬಂದಾಗ ನೀವು ಮಾತು ನಿಲ್ಲಿಸ್ತೀರಿ. ಕಣ್ಣು ಒದ್ದೆ ಮಾಡ್ಕೋತೀರಿ. ಮೊದಲ ವಾರವೇ ಕಿಂಡೀಲಿ ನೋಡಿದ್ದೆ. ನಿಮಗೆ ಕೇಳ್ಲಿ ಅಂತ ಮಷೀನ್ ನಿಲ್ಲಿಸ್ತಿದ್ದೆ. ಅಲ್ಲೇ ಕೂತು ನೋಡಿದ್ರೆ ನಿಮಗೆ ಮುಜುಗರ ಅಂತ ಆಚೆ ಹೋಗ್ತಿದ್ದೆ.”

ಗುಬ್ಬಿ ಸ್ಟೂಲಿನ ಮೇಲೆ ಕೂತಳು. ಇವಳು ಕೇಳಲೆಂದು ಅವನು ಮಷೀನು ನಿಲ್ಲಿಸಿದ್ದು, ಅವನಿಗೆ ಕೇಳದಿರಲೆಂದು ಇವಳು ಸದ್ದು ತಗ್ಗಿಸಿದ್ದು. ಇಷ್ಟು ವರ್ಷ ಇಬ್ಬರೂ ಸೇರಿ ಅದನ್ನು ಇಬ್ಬರಿಗೂ ಇಲ್ಲದಂತೆ ಮಾಡಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ನಾನು ಇದಕ್ಕೆ ‘ಸಂಜೆ ಕಿಟಕಿ’ ಅಂತೀನಿ,” ಅಂದಳು, ಏನಾದರೂ ಹೇಳಬೇಕಲ್ಲ ಎಂದು. “ಹಿಂದಿನದಕ್ಕೆ ‘ಕುದುರೆ ಓಟ’.”

“ಅದು ಕುದುರೆ ಅಲ್ಲ. ಯಜಮಾನರು ಬಸ್ಸಿಗೆ ಓಡೋದು.”

ಅವಳಿಗೆ ನಗು ಬಂದೇಬಿಟ್ಟಿತು. “ನೀವೂ ಹೆಸರು ಇಟ್ಟಿದ್ದೀರಾ? ಹಾಗಾದ್ರೆ ಇದಕ್ಕೆ ಏನಂತೀರಿ?”

ಪಿಟೀಲು ಮೇಲೇರಿ, ಒಂದು ಕಡೆ ತಡೆದು, ಇಳಿಯಿತು.

“ಗುಬ್ಬಿ ಅಂತೀನಿ.”

ಅವಳ ನಗು ಅಲ್ಲೇ ನಿಂತಿತು. ಹೇಳಬಾರದೆಂದುಕೊಂಡಿದ್ದು ಬಾಯಿಂದ ಜಾರಿತು. “ಬೆಳಿಗ್ಗೆ ಚಿಕ್ಕಮ್ಮನಿಗೆ ಹೂಂ ಅಂದ್ಬಿಟ್ಟೆ. ಒಂದು ಸಂಬಂಧಕ್ಕೆ.”

ಅವನ ಮುಖ ಸಪ್ಪಗಾಯಿತು. “ಹೌದಾ,” ಅಂದ. “ಒಳ್ಳೇದಾಯ್ತು ಬಿಡಿ. ನನ್ನದೇನು, ನಾಳೆಯಿಂದ ಕೆಲಸಾನೂ ಇಲ್ಲ. ನೀವು ಚೆನ್ನಾಗಿದ್ರೆ ಸಾಕು.” ಹಾಗೆಂದವನು ತಿರುಗಿ ಹಿಂದಿನ ಕೋಣೆಯ ಕಡೆ ಹೆಜ್ಜೆ ಹಾಕಿದ.

ಗುಬ್ಬಿಗೆ ಮೈಯೆಲ್ಲ ಉರಿಯಿತು. “ನಿಂತ್ಕೊಳ್ಳಿ. ಮತ್ತೆ ಹಿಂಬಾಗಿಲಿಗೆ ಹೋಗ್ತೀರಾ? ನನಗೆ ಏನು ಒಳ್ಳೇದು ಅಂತ ನೀವೊಬ್ಬರೇ ನಿರ್ಧಾರ ಮಾಡ್ಕೊಂಡು?”

ಅವನು ನಿಂತ. ಅವನ ಎದುರಿಗೇ ಅವಳು ಫೋನ್ ಮಾಡಿದಳು.

“ಚಿಕ್ಕಮ್ಮ, ಬೆಳಿಗ್ಗೆ ಹೇಳಿದ್ದು ಆಗಲ್ಲ. ನನ್ನ ಮನಸ್ಸಲ್ಲಿ ಬೇರೆ ಒಬ್ಬರಿದ್ದಾರೆ.”

ಆ ಕಡೆಯಿಂದ ಬೈಗುಳ ಬರುತ್ತದೆಂದು ಕಾದಳು. ಬರಲಿಲ್ಲ. “ಅವರಿಗೆ ನಾನು ಯಾವ ಮುಖ ತೋರಿಸ್ಲಿ?” ಎಂದು ಚಿಕ್ಕಮ್ಮ ಸಣ್ಣ ದನಿಯಲ್ಲಿ ಅತ್ತರು. ಬೈದಿದ್ದರೇ ವಾಸಿಯಿತ್ತು. ಗುಬ್ಬಿ ಫೋನ್ ಇಟ್ಟಳು.

“ಏನಂದ್ರು?”

“ಅಳ್ತಿದ್ದಾರೆ. ನಾಳೆ ಬನ್ನಿ, ಅವರ ಮುಂದೆ ಇಬ್ಬರೂ ಹೋಗಿ ನಿಲ್ಲೋಣ.”

“ಕೆಲಸ ಇಲ್ಲದವನು ಏನಂತ ಬರ್ಲಿ?”

“ನನಗೂ ಇಲ್ಲ. ಬರ್ತೀರೋ ಇಲ್ವೋ?”

“ಬರ್ತೀನಿ.”

ಅಷ್ಟರಲ್ಲಿ ತುಣುಕು ಎಂದಿನಂತೆ ನಡುವಿನಲ್ಲೇ ಕ್ಷೀಣಿಸಿ ಮುಗಿದಿತ್ತು. ಗುಬ್ಬಿ ಕಣ್ಣೊರೆಸಿಕೊಂಡು ಅದನ್ನು ಮತ್ತೆ ಮೊದಲಿನಿಂದ ಹಾಕಿದಳು. ಸದ್ದಿನ ತಿರುಪನ್ನು ಕೊನೆಯವರೆಗೆ ತಿರುಗಿಸಿದಳು. ಬರಿದಾದ ಶೆಲ್ಫುಗಳ ಗಾಜು ಸಣ್ಣಗೆ ಅದುರಿತು. ಅವನು ಕೌಂಟರ್ ಸುತ್ತಿ ಬಂದು ಅವಳ ಪಕ್ಕದ ಸ್ಟೂಲಿನ ಮೇಲೆ ಕೂತ. ಅವಳು ಅಳುತ್ತಿದ್ದುದು ಅವನಿಗೆ ಕಾಣುತ್ತಿತ್ತು, ಆದರೂ ಎದ್ದು ಹೋಗಲಿಲ್ಲ.