ಕಾಲು ಕಲಿತ ಮೆಟ್ಟಿಲು

"ಬಿದ್ಳು! ಎಡವಟ್ಟು ಮತ್ತೆ ಬಿದ್ಳು!"

ಶಾಲೆಯ ಮೆಟ್ಟಿಲ ಮೇಲೆ ಗುಬ್ಬಿ ಬೋರಲಾಗಿ ಬಿದ್ದಿದ್ದಳು. ಅವಳ ಕೈಯಲ್ಲಿದ್ದ ರಟ್ಟಿನ ಪುಟ್ಟ ಕಟ್ಟಡ ಹಾರಿ, ಚಾವಣಿ ಒಂದು ಕಡೆ, ಗೋಡೆ ಒಂದು ಕಡೆ. ಕ್ಲಾಸಿನ ಗುಂಡ ಹೊಟ್ಟೆ ಹಿಡಿದು ನಗುತ್ತಿದ್ದ. ‘ಎಡವಟ್ಟು’ ಅಂತ ಹೆಸರಿಟ್ಟವನೂ ಅವನೇ.

ಗುಬ್ಬಿಗೆ ಮಂಡಿಗಿಂತ ಮನಸ್ಸು ಹೆಚ್ಚು ಉರಿಯಿತು. ಚಿಕ್ಕಮ್ಮ ಕಟ್ಟಡಗಳ ನಕ್ಷೆ ಬರೆಯುವವಳು. ತನ್ನ ಕೆಲಸದ ಬಗ್ಗೆ ಗುಬ್ಬಿಯ ಕ್ಲಾಸಿಗೆ ಹೇಳಲು ಇವತ್ತು ಬಂದಿದ್ದಳು. ಆ ಮಾಡೆಲ್ ಅವಳದು.

"ಸಾರಿ ಚಿಕ್ಕಮ್ಮ... ನಾನು ಎಡವಟ್ಟೇ. ದಿನಾ ಇಲ್ಲೇ ಬೀಳ್ತೀನಿ."

ಚಿಕ್ಕಮ್ಮ ಬೈಯಲಿಲ್ಲ. "ದಿನಾ ಇಲ್ಲೇನಾ? ಮನೆ ಮೆಟ್ಟಿಲಲ್ಲಿ ಬೀಳಲ್ವಲ್ಲೇ ನೀನು?" ಎಂದು ಹುಬ್ಬೇರಿಸಿದಳು. ಆಮೇಲೆ ಮಿಸ್ ಕಡೆ ತಿರುಗಿ, "ಪಾಠ ಇಲ್ಲೇ ಮಾಡೋಣ್ವಾ?" ಎಂದಳು.

ಚಿಕ್ಕಮ್ಮನ ಪಾಠ ಇಷ್ಟೇ: ಒಬ್ಬೊಬ್ಬರಾಗಿ ಕಂಬಿ ಹಿಡಿದು, ಮೇಲಿನ ಗಡಿಯಾರ ನೋಡುತ್ತ ಹತ್ತಬೇಕು. ಕೆಳಗೆ ನೋಡುವಂತಿಲ್ಲ.

ಗುಂಡ ರಾಜನ ಹಾಗೆ ಹೊರಟ. ಟಪ್, ಟಪ್, ಟಪ್... ಧಡ್!

"ಅಯ್ಯೋ! ಯಾರೋ ನೂಕಿದ್ರು ಆಂಟಿ!"

ಅವನ ಹಿಂದೆ ಯಾರೂ ಇರಲಿಲ್ಲ. ಆಮೇಲೆ ಹತ್ತಿದವರೂ ಅಲ್ಲೇ ಮುಗ್ಗರಿಸಿದರು. ಕೊನೆಗೆ ಮಿಸ್ಸೂ!

"ನಾನು ಇಷ್ಟು ದಿನ ಚಪ್ಪಲಿದೇ ತಪ್ಪು ಅಂದ್ಕೊಂಡಿದ್ದೆ ಕಣ್ರೋ" ಎಂದು ಮಿಸ್ ನಕ್ಕುಬಿಟ್ಟರು.

ಚಿಕ್ಕಮ್ಮ ಗುಬ್ಬಿಯ ಕೈಗೆ ಪೆನ್ಸಿಲ್ ಕೊಟ್ಟಳು. "ಅಳತೆ ನೋಡು."

ಗುಬ್ಬಿ ಪ್ರತಿ ಮೆಟ್ಟಿಲಿಗೂ ಪೆನ್ಸಿಲ್ ಆನಿಸಿ ನಿಲ್ಲಿಸಿದಳು. ಎಲ್ಲವೂ ಪೆನ್ಸಿಲ್ಲಿನ ಕೆಂಪು ಪಟ್ಟಿಯವರೆಗೆ ಬಂದವು. ಎಲ್ಲರೂ ಎಡವಿದ ಅದೊಂದು ಮಾತ್ರ ಪಟ್ಟಿ ದಾಟಿ ಒಂದು ಬೆರಳು ಮೇಲೆ!

"ಒಂದು ಬೆರಳಿಗೆ ಇಷ್ಟೊಂದಾ?" ಗುಂಡನಿಗೆ ನಂಬಿಕೆಯಾಗಲಿಲ್ಲ.

"ಎರಡು ಮೆಟ್ಟಿಲು ಹತ್ತಿದ್ರೆ ಸಾಕು, ಕಾಲು ಎತ್ತರ ಕಲ್ತುಬಿಡುತ್ತೆ ಕಣೋ. ಆಮೇಲೆ ನಿನ್ನನ್ನ ಕೇಳೋದೇ ಇಲ್ಲ. ಕಟ್ಟೋರು ಕಾಲಿಗೆ ಮೋಸ ಮಾಡಬಾರ್ದು, ಅಷ್ಟೆ" ಎಂದಳು ಚಿಕ್ಕಮ್ಮ.

ಗುಂಡ ಹೋಗಿ ಚಾವಣಿ ಹುಡುಕಿ ತಂದ. ಗಮ್ ಹಚ್ಚುತ್ತ, ತಲೆ ಎತ್ತದೆ, "ಎಡವಟ್ಟು ನೀನಲ್ಲ ಬಿಡೇ, ಆ ಮೆಟ್ಟಿಲು" ಎಂದ. ಇಬ್ಬರೂ ಸೇರಿ ಆ ಮೆಟ್ಟಿಲಿನ ಅಂಚಿಗೆ ಚಾಕ್‌ಪೀಸಿನಿಂದ ದಪ್ಪ ಹಳದಿ ಗೆರೆ ಎಳೆದರು.

ಸಂಜೆ ಗುಬ್ಬಿ ಮನೆಯ ಮೆಟ್ಟಿಲ ಬುಡದಲ್ಲಿ ನಿಂತಳು. ಕಂಬಿ ಹಿಡಿದು ಕಣ್ಣು ಮುಚ್ಚಿ ಹತ್ತಿದಳು. ಒಂದೊಂದು ಮೆಟ್ಟಿಲೂ ಅವಳ ಕಾಲಿಗೇ ಕಾದಿದ್ದ ಹಾಗೆ, ಸರಿಯಾಗಿ ಅಲ್ಲೇ ಇತ್ತು.

"ಕಣ್ಮುಚ್ಕೊಂಡು ಏನೇ ಮಾಡ್ತಿದ್ದೀ?" ಮೇಲಿನಿಂದ ಅಜ್ಜಿ ಕೇಳಿದಳು.

"ಇದನ್ನ ಯಾರು ಕಟ್ಟಿದ್ದು ಅಜ್ಜಿ?"

"ಯಾರಿಗ್ಗೊತ್ತು! ನಾನು ಹುಟ್ಟೋಕೆ ಮುಂಚಿಂದು."

ಗುಬ್ಬಿ ಕೊನೆಯ ಮೆಟ್ಟಿಲ ಮೇಲೆ ಕೂತು, ಬೆಕ್ಕಿನ ಬೆನ್ನು ಸವರುವ ಹಾಗೆ ಅದನ್ನೊಮ್ಮೆ ಸವರಿದಳು. ಯಾರೋ, ಯಾವಾಗಲೋ, ಅವಳ ಕಾಲು ಹುಟ್ಟುವ ಮುಂಚೆಯೇ ಅದರ ಬಗ್ಗೆ ಯೋಚಿಸಿದ್ದರು.